ಬಿಸಿಲೂರಿನ ಬಸ್ ಶೆಲ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಬೀದಿಗಳಿಗೆ ತಕ್ಕ ಬಸ್ ಶೆಲ್ಟರ್ ಹೇಗಿರಬೇಕು ಅನ್ನುವ ಮಾತು ಎತ್ತಿದಾಗಲೆಲ್ಲ ಅವೇ ಪ್ರಶ್ನೆಗಳು ತಿರುಗಿ ಬರುತ್ತವೆ. ಬಸ್ಸಿಗೆ ಕಾಯುವವರು ಕೇಳಿದ್ದು, ವಾರ್ಡಿನ ಸದಸ್ಯರು ಕೇಳಿದ್ದು, ಫ್ಯಾಬ್ರಿಕೇಶನ್ ಅಂಗಡಿಯವರು ಕೇಳಿದ್ದು, ಕಾಲೇಜು ಹುಡುಗರು ಪತ್ರ ಬರೆದು ಕೇಳಿದ್ದು ಎಲ್ಲ ಇಲ್ಲಿವೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿನವು ಎಲ್ಲರಿಗೂ, ಕೊನೆಯವು ಕಟ್ಟುವವರಿಗೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಳ್ಳಿ.

## ಶುರುವಿನ ಪ್ರಶ್ನೆಗಳು

"ನಾಲ್ಕು ಕಂಬ, ಮ್ಯಾಲೊಂದು ತಗಡು. ಇದರಾಗ ಡಿಸೈನ್ ಮಾಡೋದು ಏನದರಿ?"

ಆ ತಗಡು ಯಾರಿಗೆ, ಎಷ್ಟು ಹೊತ್ತಿಗೆ, ಯಾವ ದಿಕ್ಕಿನ ಬಿಸಿಲಿಗೆ ನೆರಳು ಕೊಡಬೇಕು ಅನ್ನೋದೇ ಡಿಸೈನ್.

ಸೂಪರ್ ಮಾರ್ಕೆಟ್ ಹತ್ತಿರ ದಿನವಿಡೀ ಜನ ಇರುತ್ತಾರೆ. ಕಾಲೇಜಿನ ಮುಂದೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕಾಲಿಡೋಕೆ ಜಾಗ ಇರಲ್ಲ, ಉಳಿದ ಹೊತ್ತು ಖಾಲಿ. ರಿಂಗ್ ರೋಡಿನ ಆಚೆಗಿನ ಬಡಾವಣೆಯಲ್ಲಿ ಒಂದು ಸಲಕ್ಕೆ ಮೂರೋ ನಾಲ್ಕೋ ಮಂದಿ. ಈ ಮೂರೂ ಕಡೆ ಒಂದೇ ಅಳತೆಯ ಡಬ್ಬಿ ಇಟ್ಟರೆ ಒಂದು ಕಡೆ ಸಾಲಲ್ಲ, ಇನ್ನೊಂದು ಕಡೆ ಸುಮ್ನೆ ದಂಡ. ಒಂದೇ ರಸ್ತೆಯ ಎರಡು ಬದಿಗೂ ಒಂದೇ ಡಬ್ಬಿ ಇಟ್ಟರೆ ಅದರಲ್ಲಿ ಒಂದಂತೂ ಸಂಜೆ ಬಿಸಿಲಿಗೆ ಬೇಯುತ್ತದೆ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಊರಿಗೆಲ್ಲ ಒಂದೇ ನಕ್ಷೆ ಮಾಡೋದೇ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಊರಿಗೆಲ್ಲ ಒಂದೇ ಬಗೆಯ ಬಿಡಿಭಾಗಗಳಿರಲಿ. ಅದೇ ಕಂಬ, ಅದೇ ಛಾವಣಿ ತುಂಡು, ಅದೇ ಪರದೆ, ಅದೇ ಬೆಂಚು. ಅವನ್ನು ಹೇಗೆ ಜೋಡಿಸಬೇಕು ಅನ್ನೋದನ್ನು ಮಾತ್ರ ಆಯಾ ಜಾಗ ಹೇಳಲಿ.

"ಹೊಂದಿಕೊಳ್ಳೋ ಶೆಲ್ಟರ್ ಅಂದ್ರ ಅದು ತಾನಾಗೇ ತೆರೀತದ, ಮುಚ್ಚತದ ಅಂತೇನು?"

ಇಲ್ಲ. ಮೋಟರ್, ಸೆನ್ಸರ್ ಯಾವುದೂ ಬೇಡ. ಧೂಳಿನ ಊರಲ್ಲಿ ತಿರುಗುವ ಯಂತ್ರ ಜಾಸ್ತಿ ದಿನ ತಿರುಗಲ್ಲ. ಇಲ್ಲಿ ಹೊಂದಿಕೊಳ್ಳೋದು ಅಂದರೆ ಸ್ಪ್ಯಾನರ್ ಹಿಡಿದ ಇಬ್ಬರು ಕೆಲಸಗಾರರು ಅರ್ಧ ದಿನದಲ್ಲಿ ಬದಲಿಸಬಹುದಾದದ್ದು.

ಬದಲಾವಣೆ ಮೂರು ಬಗೆಯದು. ಮೊದಲನೆಯದು ಋತುವಿನದು: ಮಾರ್ಚ್‌ನಲ್ಲಿ ಪರದೆ ಹಾಕಿ ಜೂನ್‌ನಲ್ಲಿ ತೆಗೆಯೋದು. ಎರಡನೆಯದು ಜನರದು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಆಮೇಲೆ ಸ್ಟಾಪ್‌ಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಹೇಗೆ ಏರಿತು ಅಂತ ಎಲ್ಲರೂ ನೋಡಿದ್ದೇವೆ. ಹಾಗೆ ಏರಿದಾಗ ಪಕ್ಕಕ್ಕೆ ಇನ್ನೊಂದು ಅಂಕಣ, ಅಂದರೆ ನಾಲ್ಕು ಕಂಬದ ಇನ್ನೊಂದು ಖಾನೆ, ಜೋಡಿಸೋಕೆ ಬರಬೇಕು. ಮೂರನೆಯದು ರಸ್ತೆಯದು. ರಸ್ತೆ ಅಗಲವಾಗುತ್ತದೆ, ಮಾರ್ಗ ಬದಲಾಗುತ್ತದೆ. ಆಗ ಶೆಲ್ಟರ್ ಒಡೆಯದೆ ಎತ್ತಿಕೊಂಡು ಹೋಗೋಕೆ ಬರಬೇಕು. ದೆಹಲಿಯ ಅಂಬೇಡ್ಕರ್ ನಗರ–ಮೂಲಚಂದ್ ಬಿಆರ್‌ಟಿ, ಅಂದರೆ ಬಸ್ಸಿಗೇ ಮೀಸಲಾದ ಪಥ, 2008ರಲ್ಲಿ ಶುರುವಾಯಿತು. 2016ರಲ್ಲಿ ಅದನ್ನು ಕಿತ್ತು ಹಾಕಿದರು. ದೊಡ್ಡ ಊರಲ್ಲೇ ಎಂಟು ವರ್ಷಕ್ಕೆ ಲೆಕ್ಕ ಬದಲಾಯಿತು.

"ಶೆಲ್ಟರ್ ಒಂದು ಕಡೆ, ಬಸ್ ನಿಂದರೋದು ಇನ್ನೊಂದು ಕಡೆ. ಹಿಂಗ್ಯಾಕ?"

ಶೆಲ್ಟರ್‌ನ ಜಾಗವನ್ನು ಎಲ್ಲಿ ಖಾಲಿ ಇದೆ ಅಂತ ನೋಡಿ ಆರಿಸುತ್ತಾರೆ. ಬಸ್ಸಿನ ಜಾಗವನ್ನು ಎಲ್ಲಿ ಜನ ಕೈ ಮಾಡುತ್ತಾರೆ, ಎಲ್ಲಿ ಆಟೋ ಅಡ್ಡ ಇಲ್ಲ ಅಂತ ನೋಡಿ ಚಾಲಕ ಆರಿಸುತ್ತಾನೆ. ಎರಡೂ ಹೊಂದಲ್ಲ.

ಪರಿಹಾರ ಸುಲಭ, ಆದರೆ ತಾಳ್ಮೆ ಬೇಕು. ಮೊದಲು ಬರೀ ಒಂದು ಕಂಬ, ಒಂದು ಬೋರ್ಡು, ರಸ್ತೆ ಮೇಲೆ ಹಳದಿ ಬಣ್ಣದ ಚೌಕ. ಕೆಲವು ತಿಂಗಳು ನೋಡಿ. ಬಸ್ಸು ಅಲ್ಲೇ ನಿಲ್ಲುತ್ತಿದ್ದರೆ ಶೆಲ್ಟರ್ ತನ್ನಿ. ಇಲ್ಲದಿದ್ದರೆ ಕಂಬವನ್ನು ಸರಿಸಿ. ಸಾಮಾನ್ಯವಾಗಿ ಸರ್ಕಲ್ ದಾಟಿದ ಮೇಲಿನ ಜಾಗ ಒಳ್ಳೆಯದು. ಸರ್ಕಲ್‌ಗೆ ಮೊದಲೇ ಬಸ್ ನಿಂತರೆ ಹಿಂದಿನ ಗಾಡಿಗಳೆಲ್ಲ ಸಿಗ್ನಲ್‌ನಲ್ಲಿ ಸಿಕ್ಕಿಕೊಳ್ಳುತ್ತವೆ, ಇಳಿದವರು ಬಸ್ಸಿನ ಮುಂದಿಂದಲೇ ರಸ್ತೆ ದಾಟುತ್ತಾರೆ.

"ಅರ್ಜಿ ಯಾರಿಗೆ ಕೊಡಬೇಕು? ಪಾಲಿಕೆಗೋ, ಸಾರಿಗೆಯವರಿಗೋ?"

ಎರಡಕ್ಕೂ ಕೊಡಿ. ಫುಟ್‌ಪಾತ್ ಪಾಲಿಕೆಯದು, ದೊಡ್ಡ ರಸ್ತೆಗಳು ಕೆಲವು ಲೋಕೋಪಯೋಗಿ ಇಲಾಖೆಯವು. ಬಸ್ ಎಲ್ಲಿ ನಿಲ್ಲಬೇಕು ಅನ್ನೋದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು. ಅದರ ಕೇಂದ್ರ ಕಚೇರಿ ನಮ್ಮೂರಲ್ಲೇ ಇದೆ. ದುಡ್ಡು ಶಾಸಕರ, ಸಂಸದರ ಅನುದಾನದಿಂದಲೂ ಬರಬಹುದು. ಅರ್ಜಿಯಲ್ಲಿ "ಶೆಲ್ಟರ್ ಬೇಕು" ಅಂತಷ್ಟೇ ಬರೆಯಬೇಡಿ. ಯಾವ ಬದಿ, ಯಾವ ಹೊತ್ತಿಗೆ ಎಷ್ಟು ಜನ, ಬಿಸಿಲು ಎಲ್ಲಿಂದ ಬೀಳುತ್ತದೆ ಅನ್ನೋದನ್ನೂ ಬರೆಯಿರಿ. ಸಂಜೆ ನಾಲ್ಕೂವರೆಗೆ ತೆಗೆದ ಒಂದು ಫೋಟೋ ಇದ್ದರೆ ಇನ್ನೂ ಒಳ್ಳೆಯದು.

## ಬಿಸಿಲು, ಮಳೆ, ಗಾಳಿ

"ಮಧ್ಯಾಹ್ನ ಹೆಂಗೋ ನಡೀತದ. ಸಂಜಿ ನಾಕರ ಮ್ಯಾಲ ಒಳಗ ಕೂಡಾಕೇ ಆಗಲ್ಲ. ಛಾವಣಿ ದೊಡ್ಡದು ಮಾಡಿದ್ರ ಸಾಕಲ್ಲ?"

ಸಾಕಾಗಲ್ಲ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದೋದಾದರೆ ಇದನ್ನು ಓದಿ.

ಕಲಬುರಗಿ ಇರೋದು 17 ಡಿಗ್ರಿ ಚಿಲ್ಲರೆ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನ 12:20ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆಗ ಯಾವ ಛಾವಣಿಯಾದರೂ ನೆರಳು ಕೊಡುತ್ತದೆ. ಆದರೆ ಏಪ್ರಿಲ್ ನಡುವಿನ ಸಂಜೆ ನಾಲ್ಕೂವರೆಗೆ ಸೂರ್ಯ ಹೆಚ್ಚು ಕಡಿಮೆ ನೇರ ಪಶ್ಚಿಮದಲ್ಲಿ, ನೆಲದಿಂದ 30 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಛಾವಣಿ ಎರಡೂವರೆ ಮೀಟರ್ ಎತ್ತರ ಇದ್ದರೆ ಅದರ ನೆರಳು ನೆಲದ ಮೇಲೆ ನಾಲ್ಕು ಮೀಟರ್‌ಗಿಂತ ಜಾಸ್ತಿ ಪೂರ್ವಕ್ಕೆ ಸರಿದಿರುತ್ತದೆ. ಶೆಲ್ಟರ್‌ನ ಅಗಲವೇ ಎರಡು ಮೀಟರ್ ಇರಲ್ಲ. ಅಂದರೆ ನೆರಳು ಶೆಲ್ಟರ್ ಬಿಟ್ಟು ಬೇರೆಲ್ಲೋ ಬಿದ್ದಿದೆ. ಛಾವಣಿಯನ್ನು ಒಂದಡಿ ಚಾಚಿದರೆ ಏನು ಸಿಕ್ಕೀತು? ಸಂಜೆ ಬಿಸಿಲಿಗೆ ಬೇಕಾದ್ದು ನಿಂತ ಪರದೆ.

ಪರದೆ ಎಲ್ಲಿ ಅನ್ನೋದನ್ನು ರಸ್ತೆಯ ದಿಕ್ಕು ಹೇಳುತ್ತದೆ. ಜೇವರ್ಗಿ ರಸ್ತೆ ತೆಗೆದುಕೊಳ್ಳಿ, ಅದು ಸುಮಾರಾಗಿ ಉತ್ತರ–ದಕ್ಷಿಣ. ಊರೊಳಗೆ ಬರುವ ಬಸ್ಸಿನ ಸ್ಟಾಪ್ ರಸ್ತೆಯ ಪಶ್ಚಿಮ ಬದಿಗೆ ಇರುತ್ತದೆ. ಕೂತವರ ಮುಖ ಪೂರ್ವಕ್ಕೆ, ಬೆನ್ನು ಪಶ್ಚಿಮಕ್ಕೆ. ಹಿಂದಿನ ಗೋಡೆಯೇ ಬಿಸಿಲು ತಡೆಯುತ್ತದೆ, ಕೆಲಸ ಮುಗೀತು. ಎದುರು ಬದಿ, ಜೇವರ್ಗಿ ಕಡೆ ಹೋಗುವವರು ನಿಲ್ಲುವಲ್ಲಿ, ಸೂರ್ಯ ನೇರ ಮುಖಕ್ಕೆ ಹೊಡೆಯುತ್ತಾನೆ. ಮುಂದುಗಡೆ ಪೂರ್ತಿ ಮುಚ್ಚಿದರೆ ಬಸ್ ಹತ್ತೋದು ಹೇಗೆ? ಅಲ್ಲಿ ಉದ್ದದ ಅರ್ಧ ಭಾಗಕ್ಕೆ ಮುಂದೆ ತೂತಿನ ತಗಡಿನ ಜಾಲಿ, ಅದರ ಹಿಂದೆ ಬೆಂಚು. ಉಳಿದ ಅರ್ಧ ಬಸ್ ಹತ್ತೋಕೆ ತೆರೆದಿರಲಿ.

ಸೇಡಂ ರಸ್ತೆಯಂಥ ಪೂರ್ವ–ಪಶ್ಚಿಮ ರಸ್ತೆಯದು ಬೇರೆ ಕಥೆ, ಮತ್ತು ನನಗೆ ತುಂಬಾ ಇಷ್ಟವಾದ ಕಥೆ. ಅಲ್ಲಿ ಬಿಸಿಲು ಶೆಲ್ಟರ್‌ನ ಪಕ್ಕದಿಂದ ನುಗ್ಗುತ್ತದೆ. ನಮ್ಮ ದೇಶದಲ್ಲಿ ಗಾಡಿ ಎಡಕ್ಕೆ ಓಡುವುದರಿಂದ ರಸ್ತೆಗೆ ಮುಖ ಮಾಡಿ ನಿಂತವರಿಗೆ ಬಸ್ಸು ಯಾವಾಗಲೂ ಬಲಗಡೆಯಿಂದ ಬರುತ್ತದೆ. ಊರ ಕಡೆ, ಅಂದರೆ ಪಶ್ಚಿಮಕ್ಕೆ ಹೋಗುವ ಬದಿಯಲ್ಲಿ ಬಿಸಿಲು ಎಡದಿಂದ, ಬಸ್ಸು ಬಲದಿಂದ. ಎಡ ಪಕ್ಕ ಪೂರ್ತಿ ಮುಚ್ಚಿ, ಯಾರಿಗೂ ತೊಂದರೆ ಇಲ್ಲ. ಸೇಡಂ ಕಡೆ ಹೋಗುವ ಬದಿಯಲ್ಲಿ ಬಿಸಿಲೂ ಬಲದಿಂದ, ಬಸ್ಸೂ ಬಲದಿಂದ. ಪರದೆ ಹಾಕಿದರೆ ಬಸ್ ಕಾಣಲ್ಲ, ಹಾಕದಿದ್ದರೆ ಕಣ್ಣು ಬಿಡೋಕಾಗಲ್ಲ. ಅಲ್ಲಿ ಮುಂದಿನ ಎರಡಡಿ ಖಾಲಿ ಬಿಟ್ಟು, ಹಿಂದಿನ ಭಾಗಕ್ಕೆ ಮಾತ್ರ ಜಾಲಿ. ತೂತು ಅರ್ಧಕ್ಕರ್ಧ ಇದ್ದರೆ ಬಿಸಿಲು ಅರ್ಧ ನಿಲ್ಲುತ್ತದೆ, ಬಸ್ಸಿನ ಆಕಾರವೂ ಗೊತ್ತಾಗುತ್ತದೆ.

ಹೀಗೆ ಎರಡು ರಸ್ತೆಗೆ ನಾಲ್ಕು ಜೋಡಣೆ. ಬಿಡಿಭಾಗ ಮಾತ್ರ ಅವೇ.

"ಆಫೀಸ್ ಟೈಮ್ ಬದಲಾದರೆ ಶೆಲ್ಟರ್‌ಗೇನು ಸಂಬಂಧ?"

ಬಹಳ ಸಂಬಂಧ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರ ವರೆಗೆ. ಅಂದರೆ ನೌಕರರು ಬಸ್ಸಿಗೆ ನಿಲ್ಲೋದು ಸರಿಯಾಗಿ ಎರಡು ಗಂಟೆಯ ಉರಿಯಲ್ಲಿ. ಕಚೇರಿಗಳ ಮುಂದಿನ ಸ್ಟಾಪ್‌ಗೆ ಪರದೆಗಿಂತ ಒಳ್ಳೆಯ ಛಾವಣಿ ಮುಖ್ಯ, ಕಾಲೇಜು ಸ್ಟಾಪ್‌ಗೆ ಪರದೆ ಮುಖ್ಯ.

"ತಗಡು ಕಾದು ತಲಿ ಮ್ಯಾಲ ಹಂಚು ಇಟ್ಟಂಗ ಆಗ್ತದ. ಬೇರೆ ಏನು ಹಾಕಬೇಕು?"

ತಗಡೇ ಇರಲಿ, ಎರಡು ಪದರ ಮಾಡಿ. ಮೇಲಿನ ಪದರ ಬಿಸಿಲು ತಿನ್ನುತ್ತದೆ. ನಡುವೆ ನಾಲ್ಕರಿಂದ ಆರು ಇಂಚು ಸಂದು, ಎರಡೂ ತುದಿ ತೆರೆದಿರಬೇಕು, ಬಿಸಿಗಾಳಿ ಹೊರಗೆ ಹೋಗಬೇಕು. ಕೆಳಗಿನ ಪದರ ಹಗುರವಾದ ಸಿಮೆಂಟ್ ಬೋರ್ಡ್ ಆದರೂ ನಡೆಯುತ್ತದೆ. ಮೇಲ್ಮೈಗೆ ಬಿಳಿ ಬಣ್ಣ. ನೀಲಿ, ಹಸಿರು ತಗಡು ನೋಡೋಕೆ ಚೆಂದ, ನಮ್ಮೂರಿಗೆ ಅಲ್ಲ. 43, 44 ಡಿಗ್ರಿಯ ದಿನ ಒಂಟಿ ತಗಡಿನ ಒಳಮೈ ಗಾಳಿಗಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಆ ಕಾವು ನೆರಳಲ್ಲಿ ಕೂತವರ ತಲೆಗೇ ಇಳಿಯುತ್ತದೆ. ಪಫ್ ಶೀಟ್ (ನಡುವೆ ಫೋಮ್ ತುಂಬಿದ ತಗಡು) ಕೂಡ ಒಳ್ಳೆಯದೇ, ಸ್ವಲ್ಪ ದುಬಾರಿ. ಪಾರದರ್ಶಕ ಪಾಲಿಕಾರ್ಬೊನೇಟ್ ಮಾತ್ರ ದಯವಿಟ್ಟು ಬೇಡ. ಚಳಿ ದೇಶದ ಫೋಟೋ ನೋಡಿ ಅದನ್ನು ಇಲ್ಲಿಗೆ ತರುತ್ತಾರೆ.

"ಎ.ಸಿ. ಶೆಲ್ಟರ್ ಮಾಡಿದ್ರ ಮುಗೀತಲ್ಲ? ಇಲ್ಲಾ ನೀರು ಚಿಮುಕಿಸೋದು?"

ಎ.ಸಿ.ಗೆ ಬಾಗಿಲು ಬೇಕು. ಬಾಗಿಲ ಒಳಗೆ ಕೂತವರಿಗೆ ಬಸ್ ಬಂದದ್ದು ಗೊತ್ತಾಗಲ್ಲ. ಜನ ಹೋಗಿ ಬಂದು ಮಾಡುವಾಗ ತಂಪು ನಿಲ್ಲಲ್ಲ. ಕರೆಂಟ್ ಹೋದ ದಿನ ಅದು ಗಾಜಿನ ಪೆಟ್ಟಿಗೆ.

ನೀರಿನ ಉಪಾಯ ನಮಗೆ ಹೊಂದುತ್ತದೆ, ಆದರೆ ಎರಡೂವರೆ ತಿಂಗಳು ಮಾತ್ರ. ಏಪ್ರಿಲ್, ಮೇ ಗಾಳಿ ಒಣಗಿರುತ್ತದೆ. ಒದ್ದೆ ಲಾವಂಚದ ತಟ್ಟಿಯೊಳಗಿಂದ ಬಂದ ಗಾಳಿ ನಿಜಕ್ಕೂ ತಂಪಾಗುತ್ತದೆ, ಹಳೇ ಮನೆಗಳಲ್ಲಿ ಖಸ್ ಪರದೆ ಕಟ್ಟುತ್ತಿದ್ದದ್ದು ಸುಮ್ನೆ ಅಲ್ಲ. ಜುಲೈ ಬಂದರೆ ಅದೇ ತಟ್ಟಿ ಬೂಸ್ಟು ಹಿಡಿಯುತ್ತದೆ. ಹಾಗಾಗಿ ಜಾಲಿಯ ಚೌಕಟ್ಟಿಗೆ ಕೊಕ್ಕೆ ಇಟ್ಟುಬಿಡಿ. ಬೇಸಿಗೆಗೆ ತಟ್ಟಿ ತಗಲಿಸೋದು, ಮಳೆಗೆ ಬಿಚ್ಚೋದು. ದಿನಾ ನೀರು ಹಾಕುವವರು ಯಾರು ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಅದು ಗೊತ್ತಾಗದಿದ್ದರೆ ತಟ್ಟಿಯನ್ನೇ ತರಬೇಡಿ.

ಅದಕ್ಕಿಂತ ಸುಲಭದ ಕೆಲಸ ಇನ್ನೊಂದಿದೆ. ಪ್ರತಿ ಬೇಸಿಗೆ ಊರ ತುಂಬ ಅರವಟ್ಟಿಗೆ ಇಡುತ್ತಾರೆ. ಶೆಲ್ಟರ್‌ನ ನೆರಳಿನ ಮೂಲೆಯಲ್ಲಿ ಎರಡು ಹರವಿ ಕೂರುವಂಥ ಕಲ್ಲಿನ ಕಟ್ಟೆ, ಕೆಳಗೆ ನೀರು ಹೋಗೋಕೆ ಸಣ್ಣ ಕಾಲುವೆ ಇದ್ದರೆ ಅರವಟ್ಟಿಗೆಯವರು ತಾವೇ ಹುಡುಕಿಕೊಂಡು ಬರುತ್ತಾರೆ.

"ಮಳಿ ಬಂದ್ರ ಛಾವಣಿ ನೀರು ಸೀದಾ ಬಸ್ ಹತ್ತೋರ ಕುತ್ತಿಗಿಗೇ ಬೀಳ್ತದಲ್ರಿ?"

ಇಳಿಜಾರು ಮುಂದಕ್ಕೆ ಕೊಟ್ಟಿದ್ದಾರೆ, ಅದಕ್ಕೆ. ಹಿಂದಕ್ಕೆ ಕೊಡಬೇಕು, ಅಲ್ಲಿಂದ ಪೈಪ್ ಮೂಲಕ ಚರಂಡಿಗೆ. ನಮ್ಮಲ್ಲಿ ಸೆಪ್ಟೆಂಬರ್ ಮಳೆ ಜೋರು. ಒಂದು ಅಂಕಣದ ಛಾವಣಿ ಐದಾರು ಚದರ ಮೀಟರ್, ಸಣ್ಣ ಪೈಪು ಸಾಕು, ಆದರೆ ಬಾಯಿಗೆ ಎಲೆ ತಡೆಯುವ ಜಾಲರಿ ಮರೆಯಬೇಡಿ. ಛಾವಣಿಯ ಮುಂದಿನ ಅಂಚು ಫುಟ್‌ಪಾತಿನ ಅಂಚುಗಲ್ಲಿನಿಂದ ಅರ್ಧ ಮೀಟರ್ ಹಿಂದಿರಲಿ. ಇಲ್ಲದಿದ್ದರೆ ಬಸ್ಸಿನ ಕನ್ನಡಿ ಅದಕ್ಕೆ ತಗಲುತ್ತದೆ.

"ಬೇವಿನ ಗಿಡ ಹಚ್ಚಿದ್ರ ಸಾಕು, ಶೆಲ್ಟರ್ ಯಾಕ ಬೇಕು?"

ನಾನೂ ಬೇವಿನ ಪರವೇ. ಆದರೆ ನೆರಳು ಕೊಡುವಷ್ಟು ಬೆಳೆಯೋಕೆ ಕೆಲವು ವರ್ಷ ಬೇಕು, ಮಳೆಗೆ ಅದು ಸಾಲಲ್ಲ. ಎರಡನ್ನೂ ಒಟ್ಟಿಗೆ ಹಾಕಿ. ಶೆಲ್ಟರ್ ಇಟ್ಟ ದಿನವೇ ಅದರ ಪಶ್ಚಿಮಕ್ಕೆ ಬೇವು ಹಚ್ಚಿ. ಗಿಡ ಮರವಾದ ಮೇಲೆ ಪರದೆಗಳನ್ನು ಬಿಚ್ಚಿ ಬೇರೆ ಸ್ಟಾಪ್‌ಗೆ ಕಳಿಸಿ, ಇಲ್ಲಿ ಮಳೆಗೆ ಸಣ್ಣ ಛಾವಣಿ ಉಳಿಸಿ. ಮೇಲೆ ಕರೆಂಟ್ ತಂತಿ ಇಲ್ಲದ ಜಾಗ ನೋಡಿಕೊಳ್ಳಿ. ಇಲ್ಲವಾದರೆ ಪ್ರತಿ ವರ್ಷ ಮರದ ತಲೆ ಬೋಳಿಸುತ್ತಾರೆ.

## ಜಾಗ, ಜನ, ರಾತ್ರಿ

"ನಮ್ಮ ಓಣಿ ಮುಂದ ಫುಟ್‌ಪಾತೇ ನಾಕು ಫೂಟ್ ಅದ. ಶೆಲ್ಟರ್ ಎಲ್ಲಿ ಇಡ್ತೀರಿ?"

ಇಡಬಾರದು. ನಡೆಯುವವರಿಗೆ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ ಖಾಲಿ ಇರಬೇಕು ಅಂತ ಭಾರತೀಯ ರಸ್ತೆ ಕಾಂಗ್ರೆಸ್‌ನ 2012ರ ಪಾದಚಾರಿ ಮಾರ್ಗಸೂಚಿ ಹೇಳುತ್ತದೆ. ನಾಲ್ಕು ಫೂಟಿನಲ್ಲಿ ಶೆಲ್ಟರ್ ನಿಲ್ಲಿಸಿದರೆ ನಡೆಯುವವರು ರಸ್ತೆಗೆ ಇಳಿಯುತ್ತಾರೆ.

ಅಲ್ಲಿ ಮೂರು ದಾರಿ ಇವೆ. ಹಿಂದೆ ಶಾಲೆಯದೋ ಕಚೇರಿಯದೋ ಕಂಪೌಂಡ್ ಗೋಡೆ ಇದ್ದರೆ, ಕೇಳಿಕೊಂಡು, ಗೋಡೆಯ ಒಳಗೆ ಕಂಬ ನೆಟ್ಟು ಛಾವಣಿಯನ್ನು ಹೊರಗೆ ಚಾಚಬಹುದು. ಫುಟ್‌ಪಾತ್ ಮೇಲೆ ಒಂದು ಕಂಬವೂ ಬರಲ್ಲ. ಪಕ್ಕದಲ್ಲಿ ಗಾಡಿ ನಿಲ್ಲಿಸುವ ಪಟ್ಟಿ ಇದ್ದರೆ ಬಸ್ಸಿನ ಉದ್ದದಷ್ಟು, ಅಂದರೆ 12 ಮೀಟರ್ ಜಾಗದಲ್ಲಿ ಫುಟ್‌ಪಾತನ್ನೇ ರಸ್ತೆಗೆ ಉಬ್ಬಿಸಬಹುದು. ಬಸ್ಸು ಆಗ ಸಾಲು ಬಿಟ್ಟು ಒಳಗೆ ಹೊರಗೆ ಆಡಬೇಕಿಲ್ಲ. ಯಾವುದೂ ಆಗದಿದ್ದರೆ ಕಂಬ, ಬೋರ್ಡು, ಒರಗಿ ನಿಲ್ಲೋಕೆ ಸೊಂಟದೆತ್ತರದ ಒಂದು ಪೈಪು. ಅಷ್ಟಿದ್ದರೂ ಅದು ಸ್ಟಾಪೇ.

"ಸ್ಟೀಲ್ ಸೀಟ್ ಮ್ಯಾಲ ಕುಂತ್ರ ಸುಡ್ತದ. ನಮ್ಮವ್ವ ನಿಂತೇ ಇರ್ತಾಳ."

ಶಹಾಬಾದಿ ಪರ್ಸಿ ಹಾಕಿ. ಇದೇ ಜಿಲ್ಲೆಯ ಕಲ್ಲು, ಮನೆಮನೆಯ ನೆಲದಲ್ಲಿದೆ, ಕೆತ್ತುವವರು ಇಲ್ಲೇ ಇದ್ದಾರೆ. ಎರಡು ಇಂಚಿನ ಹಾಸು, ಮೂರು ಅಡಿಗೊಂದು ಆಧಾರ, ಎತ್ತರ 45 ಸೆಂ.ಮೀ. ನೆರಳಲ್ಲಿದ್ದರೆ ಮೇ ತಿಂಗಳಲ್ಲೂ ಕೂರಬಹುದು. ನೇರ ಬಿಸಿಲು ಬಿದ್ದರೆ ಅದೂ ಕಾಯುತ್ತದೆ, ಅದಕ್ಕೇ ಮೊದಲು ಪರದೆ ಸರಿ ಮಾಡಿ ಆಮೇಲೆ ಬೆಂಚು. ಕದಿಯುವವರಿಗೂ ಸ್ಟೀಲಿನಷ್ಟು ಆಸೆ ಇಲ್ಲ. ನೆಲಕ್ಕೆ ಅದನ್ನೇ ಹಾಕೋದಾದರೆ ಪಾಲಿಶ್ ಮಾಡದ ಒರಟು ಮುಖ ಮೇಲೆ ಬರಲಿ. ಪಾಲಿಶ್ ಪರ್ಸಿ ಮಳೆಯಲ್ಲಿ ಜಾರುತ್ತದೆ.

ಹಿರಿಯರಿಗೆ ಎದ್ದೇಳೋಕೆ ಬೆಂಚಿನ ಒಂದು ತುದಿಯಲ್ಲಾದರೂ ಕೈ ಹಿಡಿಕೆ ಬೇಕು.

"ಗಾಲಿ ಕುರ್ಚಿಯವರು ಹೇಗೆ ಹತ್ತೋದು? ಪ್ಲಾಟ್‌ಫಾರ್ಮ್ ಎತ್ತರ ಮಾಡಬಹುದಲ್ವಾ?"

ಯಾವ ಬಸ್ಸಿಗೆ ಅಂತ ಎತ್ತರ ಮಾಡೋದು? ಕೇಂದ್ರದ ನಗರ ಬಸ್ ಮಾನದಂಡದಲ್ಲೇ ಬಸ್ಸಿನ ನೆಲ 400, 650, 900 ಮಿ.ಮೀ. ಅಂತ ಮೂರು ಎತ್ತರ ಇದೆ. ಹುಬ್ಬಳ್ಳಿ–ಧಾರವಾಡದ ಬಿಆರ್‌ಟಿಎಸ್‌ನಲ್ಲಿ ನಿಲ್ದಾಣದ ನೆಲ, ಬಸ್ಸಿನ ನೆಲ ಸಮ ಇರೋದು ಎರಡನ್ನೂ ಒಂದಕ್ಕೊಂದು ಅಳೆದು ಮಾಡಿಸಿದ್ದರಿಂದ. ನಮ್ಮ ಬೀದಿಯಲ್ಲಿ ತರಾವರಿ ಬಸ್ಸು ಬರುತ್ತವೆ. ಹಾಗಾಗಿ 150 ಮಿ.ಮೀ. ಪ್ಲಾಟ್‌ಫಾರ್ಮ್, ಒಂದು ತುದಿಗೆ 1:12 ಇಳಿಜಾರು, ಒಳಗೆ ಕುರ್ಚಿ ತಿರುಗಿಸೋಕೆ ಒಂದೂವರೆ ಮೀಟರ್ ಖಾಲಿ ಜಾಗ, ಕಣ್ಣು ಕಾಣದವರಿಗೆ ಉಬ್ಬು ಟೈಲ್. ಮುಂದೆ ಕೆಳನೆಲದ ಬಸ್ಸು ಬಂದರೆ ಬಾಗಿಲ ಎದುರಿಗಷ್ಟೇ ಒಂದು ಎತ್ತರದ ತುಂಡು ಸೇರಿಸಬಹುದು. ಅದಕ್ಕೆ ಬೋಲ್ಟಿನ ಜಾಗ ಈಗಲೇ ಬಿಡಿ.

"ರಾತ್ರಿ ಎಂಟರ ಮ್ಯಾಲ ಹೆಣ್ಮಕ್ಕಳು ಶೆಲ್ಟರ್ ಬಿಟ್ಟು ಅಂಗಡಿ ಮುಂದ ನಿಂದರ್ತಾರ. ಯಾಕ?"

ಅಂಗಡಿ ಮುಂದೆ ಬೆಳಕಿದೆ, ನಾಲ್ಕು ಜನ ನೋಡುತ್ತಾರೆ. ಶೆಲ್ಟರ್ ಮೂರು ಕಡೆ ಮುಚ್ಚಿದ ಕತ್ತಲ ಗೂಡು. ಹಿಂದಿನ ಗೋಡೆ ಜಾಲಿಯದಾದರೆ, ಒಳಗೆ ದೀಪ ಇದ್ದರೆ, ಹಿಂದಿನಿಂದ ಬರುವವರಿಗೂ ಒಳಗಿರುವವರು ಕಾಣುತ್ತಾರೆ. ಇಬ್ಬದಿಯಿಂದಲೂ ಹೊರಗೆ ಹೋಗೋಕೆ ದಾರಿ ಇರಬೇಕು. ಬರೀ ಮುಂದಿನಿಂದ ಅಲ್ಲ.

ಇನ್ನೊಂದು ಮಾತು: ಹೂವಿನವರು, ಚಹಾದವರು ಪಕ್ಕದಲ್ಲಿದ್ದರೆ ಅವರನ್ನು ಓಡಿಸಬೇಡಿ. ಸ್ಟಾಪಿಗೆ ರಾತ್ರಿ ಕಾವಲು ಅವರೇ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ಅಂತ ಇದೆ, ಅದರ ಮೂಲಕ ಶೆಲ್ಟರ್‌ನ ಎಡ ತುದಿಗೆ (ರಸ್ತೆಗೆ ಮುಖ ಮಾಡಿ ನಿಂತಾಗಿನ ಎಡ) ಒಂದು ಗಾಡಿಯ ಜಾಗ ಗುರುತಿಸಬಹುದು. ಮುಂದುಗಡೆ ಅಲ್ಲ, ಎಡ ತುದಿಗೆ.

"ಜಾಹೀರಾತು ಬೋರ್ಡ್ ಇಲ್ಲದೆ ದುಡ್ಡು ಬರಲ್ಲ. ಅದನ್ನು ಎಲ್ಲಿ ಇಡಬೇಕು?"

ಬಲ ತುದಿ ಬಿಟ್ಟು ಎಲ್ಲಾದರೂ. ಬಲದಿಂದ ಬಸ್ ಬರುತ್ತದೆ, ಅಲ್ಲಿ ಬೋರ್ಡ್ ನಿಲ್ಲಿಸಿದರೆ ಕಾಯುವವರೆಲ್ಲ ರಸ್ತೆಗೆ ಇಳಿದು ಬಗ್ಗಿ ನೋಡುತ್ತಾರೆ. ಜಾಹೀರಾತಿನವರಿಗೆ ಆ ಜಾಗವೇ ಬೇಕು, ಓಡುವ ಗಾಡಿಯವರಿಗೆ ಅದು ಎದುರಿಗೆ ಕಾಣುತ್ತೆ ಅಂತ. ಕೊಡಬೇಡಿ. ಪಶ್ಚಿಮಕ್ಕೆ ಹೋಗುವ ಬದಿಯ ಸ್ಟಾಪ್‌ನಲ್ಲಿ ಎಡ ತುದಿಯ ಬೋರ್ಡೇ ಸಂಜೆ ಬಿಸಿಲಿಗೆ ಪರದೆಯಾಗುತ್ತದೆ, ಖರ್ಚೂ ಉಳಿಯಿತು.

## ಕಟ್ಟುವವರಿಗೆ

"ಕರಿಮಣ್ಣಿನಲ್ಲಿ ಕಂಬ ವಾಲುತ್ತವೆ. ಎಷ್ಟು ಆಳ ಹೋಗಬೇಕು?"

ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಕಟ್ಟಡಕ್ಕಾದರೆ ಬುಡದಲ್ಲಿ ಗಂಟಿನಂತೆ ಉಬ್ಬಿದ ಪೈಲ್ ಹಾಕುತ್ತಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗಾಗಿಯೇ ಬೆಳೆಸಿದ ವಿಧಾನ ಅದು. ಶೆಲ್ಟರ್‌ಗೆ ಅಷ್ಟು ಆಳ ಹೋಗೋದು ಜಾಸ್ತಿಯಾಯಿತು. ಫುಟ್‌ಪಾತ್ ಕೆಳಗೆ ನೀರಿನ ಪೈಪು, ಒಳಚರಂಡಿ, ಕೇಬಲ್ ಎಲ್ಲಾ ಇರುತ್ತವೆ.

ನಾನು ಹೇಳೋದು ಬೇರೆ ದಾರಿ. ಕಂಬಕ್ಕೊಂದು ಗುಂಡಿ ತೋಡಬೇಡಿ. ಇಡೀ ಅಂಕಣಕ್ಕೆ ಒಂದೇ ಕಾಂಕ್ರೀಟ್ ಹಾಸು ಮಾಡಿ: 3 ಮೀಟರ್ ಉದ್ದ, 1.8 ಮೀಟರ್ ಅಗಲ, 20 ಸೆಂ.ಮೀ. ದಪ್ಪ. ಅದರ ತೂಕ ಎರಡೂವರೆ ಟನ್‌ಗೆ ಸ್ವಲ್ಪ ಜಾಸ್ತಿ. ಮೇಲಿನ ಕರಿಮಣ್ಣು ತೆಗೆದು ಗರಸು ತುಂಬಿ, ಚೆನ್ನಾಗಿ ದಮ್ಮಸು ಮಾಡಿ, ಹಾಸನ್ನು ಮೇಲೆ ಕೂರಿಸಿ. ಮಣ್ಣು ಅಲುಗಿದರೂ ನಾಲ್ಕು ಕಂಬ ಒಟ್ಟಿಗೇ ಅಲುಗುತ್ತವೆ, ಒಂದೊಂದು ಒಂದೊಂದು ಕಡೆ ವಾಲಲ್ಲ.

ಗಾಳಿಗೂ ಇದೇ ಉತ್ತರ. ಮೇ ತಿಂಗಳ ಬಿರುಗಾಳಿ ತೆರೆದ ಛಾವಣಿಯನ್ನು ಒತ್ತೋದಕ್ಕಿಂತ ಮೇಲಕ್ಕೆ ಎಳೆಯೋದೇ ದೊಡ್ಡ ಅಪಾಯ. ಚದರ ಮೀಟರ್‌ಗೆ 100 ಕಿಲೋ ಎಳೆತ ಅಂತ ಹಿಡಿದರೆ ಈ ಅಂಕಣಕ್ಕೆ 540 ಕಿಲೋ. ಹಾಸಿನ ತೂಕ ಅದರ ನಾಲ್ಕು ಪಟ್ಟು ದಾಟುತ್ತದೆ. ಪರದೆ ಕಟ್ಟಿದಾಗ ಪಕ್ಕಕ್ಕೆ ತಳ್ಳುವ ಗಾಳಿಯ ಲೆಕ್ಕ ಬೇರೆ ಇದೆ. ಗಾಳಿಯ ಒತ್ತಡದ ಲೆಕ್ಕಕ್ಕಿರುವ ಭಾರತೀಯ ಮಾನದಂಡ, ಐಎಸ್ 875ರ ಮೂರನೇ ಭಾಗ, ನೋಡಿ ಎಂಜಿನಿಯರ್ ಕೈಯಲ್ಲಿ ಅದನ್ನು ಮಾಡಿಸಿ.

ಎತ್ತಿ ಸಾಗಿಸೋಕೂ ಸುಲಭ. ಹಾಸಿನ ನಾಲ್ಕು ಮೂಲೆಗೆ ಕೊಕ್ಕೆ ಹಾಕಿಟ್ಟರೆ ಒಂದು ಹೈಡ್ರಾ ಕ್ರೇನ್, ಒಂದು ಲಾರಿ ಸಾಕು.

"ಬೋಲ್ಟ್ ಹಾಕಿದ್ರ ಬಿಚ್ಚಕೊಂಡು ಹೋಗ್ತಾರ. ವೆಲ್ಡಿಂಗೇ ಚಲೋ ಅಲ್ಲೇನು?"

ವೆಲ್ಡ್ ಮಾಡಿದರೆ ಕಳ್ಳನಿಗೂ ಕಷ್ಟ, ನಮಗೂ ಕಷ್ಟ. ಆಟೋ ಗುದ್ದಿ ಒಂದು ಕಂಬ ಬಾಗಿದರೆ ಇಡೀ ಶೆಲ್ಟರ್ ಕತ್ತರಿಸಬೇಕು. ಬೋಲ್ಟೇ ಹಾಕಿ, ಆದರೆ ಬಿಗಿ ಮಾಡಿದ ಮೇಲೆ ತಲೆ ಮುರಿದು ಹೋಗುವ ಬಗೆಯ ನಟ್ ಸಿಗುತ್ತದೆ, ಬುಡಕ್ಕೆ ಅದು. ಋತುವಿಗೆ ಬಿಚ್ಚುವ ಪರದೆಗೆ ಮಾತ್ರ ವಿಶೇಷ ಕೀ ಬೇಕಾಗುವ ಸ್ಕ್ರೂ. ಎಲ್ಲ ಶೆಲ್ಟರ್‌ಗೂ ಒಂದೇ ಅಳತೆಯ ಬೋಲ್ಟ್ ಇರಲಿ, ನಾಲ್ಕು ಬಗೆ ಬೇಡ. ಕಂಬಕ್ಕೆ ಬಣ್ಣಕ್ಕಿಂತ ಬಿಸಿ ಸತುವಿನಲ್ಲಿ ಅದ್ದಿದ ಲೇಪ ಜಾಸ್ತಿ ವರ್ಷ ಬಾಳುತ್ತದೆ. ತೂತು ಕೊರೆಯೋದು, ಕತ್ತರಿಸೋದು ಎಲ್ಲ ಅದ್ದುವ ಮೊದಲೇ ಮುಗಿದಿರಬೇಕು. ಸ್ಥಳದಲ್ಲಿ ನಿಂತು ಕೊರೆದರೆ ತುಕ್ಕು ಅಲ್ಲಿಂದಲೇ ಶುರು.

"ಪ್ರತಿ ಸಲ ಡಾಂಬರು ಹಾಕಿದಾಗ ನಮ್ಮ ಪ್ಲಾಟ್‌ಫಾರ್ಮ್ ತಗ್ಗಾಗುತ್ತೆ. ಏನು ಮಾಡೋದು?"

ಹಳೆಯ ಡಾಂಬರು ಕೆರೆಯದೆ ಅದರ ಮೇಲೆ ನಾಲ್ಕೈದು ಸೆಂ.ಮೀ. ಹೊಸದು ಎಳೆದರೆ ಮೂರು ನಾಲ್ಕು ಸಲಕ್ಕೆ 150 ಮಿ.ಮೀ. ಎತ್ತರ ಮಾಯ. ಆಮೇಲೆ ಮಳೆ ನೀರು ಶೆಲ್ಟರ್ ಒಳಗೇ. ಮೊದಲ ಪರಿಹಾರ ಕೆರೆದು ಹಾಕಿಸೋದು. ಅದು ನಮ್ಮ ಕೈಯಲ್ಲಿ ಇಲ್ಲದಿದ್ದರೆ, ಮೇಲೆ ಹೇಳಿದ ಹಾಸನ್ನು ಜ್ಯಾಕಿನಿಂದ ಎತ್ತಿ ಕೆಳಗೆ ಗರಸು ತುಂಬಬಹುದು. ಅಂಚುಗಲ್ಲನ್ನು ಹಾಸಿಗೆ ಸೇರಿಸಿ ಎರಕ ಹೊಯ್ಯಬೇಡಿ, ಬಿಡಿಯಾಗಿರಲಿ. ಅದೊಂದು ಮಾಡಿದ್ದರೆ ಈ ಕೆಲಸ ಒಂದು ದಿನದ್ದು.

"ಶರಣಬಸವೇಶ್ವರ ಜಾತ್ರೆ, ಉರುಸು ಬಂದ್ರ ಏನು ಮಾಡ್ತೀರಿ? ಅಷ್ಟು ಜನಕ್ಕ ಯಾವ ಶೆಲ್ಟರ್ ಸಾಲ್ತದ?"

ಯಾವುದೂ ಸಾಲಲ್ಲ, ಸಾಲಿಸೋಕೆ ಹೋಗಲೂಬಾರದು. ವರ್ಷಕ್ಕೆ ಕೆಲವು ದಿನದ ಜನಕ್ಕೆ ವರ್ಷವಿಡೀ ಖಾಲಿ ಬೀಳುವ ಶೆಲ್ಟರ್ ಕಟ್ಟೋದು ಯಾಕೆ? ಹೋಳಿಯ ನಂತರದ ಜಾತ್ರೆ ಅಂದರೆ ಬಿಸಿಲು ಏರುವ ಕಾಲ, ನೆರಳಂತೂ ಬೇಕು. ಛಾವಣಿಯ ಎರಡೂ ಪಕ್ಕಕ್ಕೆ ಗಟ್ಟಿ ಕೊಕ್ಕೆಗಳಿದ್ದರೆ ಶಾಮಿಯಾನಾದವರು ಅಲ್ಲಿಂದಲೇ ತಾಡಪತ್ರಿ ಎಳೆದು ಕಟ್ಟಬಹುದು. ಆದರೆ ತಾಡಪತ್ರಿ ಎಂದರೆ ಹಡಗಿನ ಹಾಯಿ, ಗಾಳಿ ಹಿಡಿಯುತ್ತದೆ. ಅದರ ಆಚೆ ತುದಿ ಬೇರೆ ಗೂಟಕ್ಕೆ ಇರಬೇಕು, ಜೋರು ಗಾಳಿಗೆ ಮೊದಲು ಹಗ್ಗ ಹರಿಯಬೇಕೇ ಹೊರತು ಕಂಬ ಬಾಗಬಾರದು. ಉರುಸಿನ ತಿಂಗಳು ಹಿಜರಿ ಚಾಂದ್ರಮಾನದ್ದು, ಬೇರೆ ಬೇರೆ ಋತುವಿನಲ್ಲಿ ಬರುತ್ತದೆ. ಒಂದು ವರ್ಷ ಬಿಸಿಲು ತಡೆದ ಕೊಕ್ಕೆ ಕೆಲವು ವರ್ಷದ ಮೇಲೆ ಮಳೆ ತಡೆಯಬೇಕು.

"ಸೋಲಾರ್ ಎಷ್ಟು ದೊಡ್ಡದು ಬೇಕು?"

ಅಂದುಕೊಂಡದ್ದಕ್ಕಿಂತ ಚಿಕ್ಕದು. ಹತ್ತು ವಾಟಿನ ಎರಡು ಎಲ್ಇಡಿ ದೀಪ ಆರು ತಾಸು ಉರಿದರೆ 120 ವಾಟ್-ಅವರ್. ನಮ್ಮ ಬಿಸಿಲಿಗೆ 50 ವಾಟಿನ ಫಲಕ ಅದನ್ನು ತುಂಬುತ್ತದೆ. ಬ್ಯಾಟರಿ ಮಾತ್ರ ಮೂರು ಮೋಡದ ದಿನ ತಡೆಯಬೇಕು, 12 ವೋಲ್ಟಿನ 30 ಆಂಪಿಯರ್-ಅವರ್ ಲಿಥಿಯಂ ಸಾಕು. ಮೊಬೈಲ್ ಚಾರ್ಜಿಂಗ್, ಟಿ.ವಿ. ಪರದೆ ಸೇರಿಸಿದರೆ ಈ ಲೆಕ್ಕ ಕೆಡುತ್ತದೆ. ಬೇಸಿಗೆಯಲ್ಲಿ ಧೂಳು ಒರೆಸುವವರಿರಲಿ.

"ಹಳೇ ಶೆಲ್ಟರ್‌ಗಳನ್ನೆಲ್ಲ ಕೆಡವಬೇಕಾ?"

ಬೇಡ. ಕಂಬ ಗಟ್ಟಿ ಇದ್ದರೆ ಛಾವಣಿಗೆ ಬಿಳಿ ಬಣ್ಣ, ಕೆಳಗೆ ಸಂದು ಬಿಟ್ಟು ಎರಡನೇ ಪದರ, ಬಲ ತುದಿಯ ಬೋರ್ಡ್ ಎಡಕ್ಕೆ, ಪಶ್ಚಿಮಕ್ಕೆ ಒಂದು ಜಾಲಿ. ಇಷ್ಟಕ್ಕೆ ಹೊಸದರ ಖರ್ಚಿನ ಸಣ್ಣ ಪಾಲು ಸಾಕು. ಎರಡನೇ ಪದರಕ್ಕೆ ತೊಗರಿ ಕಟ್ಟಿಗೆ ತಟ್ಟಿ ಹಾಕಬಹುದಾ ಅಂತ ಕೆಲವರು ಕೇಳುತ್ತಾರೆ. ತಂಪಿಗೆ ಒಳ್ಳೆಯದೇ, ಆದರೆ ಒಂದು ಬೀಡಿ ತುಂಡು ಸಾಕು. ಬೀದಿಯಲ್ಲಿ ಬೇಡ.

"ಟೆಂಡರ್‌ನಲ್ಲಿ ಏನು ಬರೆದರೆ ಇದೆಲ್ಲ ಆಗುತ್ತೆ?"

"ಶೆಲ್ಟರ್ ಇಂತಿಷ್ಟು ಸಂಖ್ಯೆ" ಅಂತ ಬರೆದರೆ ಅಷ್ಟೇ ಸಂಖ್ಯೆಯ ಒಂದೇ ಡಬ್ಬಿ ಬರುತ್ತವೆ. ಬದಲಿಗೆ ಅಂಕಣ, ಪರದೆ, ಬೆಂಚು, ಹಾಸು, ದೀಪ ಎಲ್ಲಕ್ಕೂ ಬೇರೆ ಬೇರೆ ದರ ಕೇಳಿ. ಪ್ರತಿ ಸ್ಟಾಪ್‌ಗೆ ಒಂದು ಪುಟದ ಹಾಳೆ ಲಗತ್ತಿಸಿ: ರಸ್ತೆಯ ದಿಕ್ಕು, ಯಾವ ಬದಿ, ಫುಟ್‌ಪಾತ್ ಅಗಲ, ಜನ ಹೆಚ್ಚಿರುವ ಹೊತ್ತು, ಮೇಲೆ ತಂತಿ ಇದೆಯೋ ಇಲ್ಲವೋ. ಆ ಹಾಳೆ ನೋಡಿಯೇ ಯಾವ ಭಾಗ ಎಷ್ಟು ಅಂತ ಲೆಕ್ಕ ಬರಬೇಕು. ಮಾರ್ಚ್‌ನಲ್ಲಿ ಪರದೆ ಹಾಕೋದು, ಜೂನ್‌ನಲ್ಲಿ ತೆಗೆದು ಗೋದಾಮಿನಲ್ಲಿ ಇಡೋದು ಐದು ವರ್ಷದ ನಿರ್ವಹಣೆಯಲ್ಲೇ ಸೇರಿರಲಿ. ಗೋದಾಮು ಎಲ್ಲಿ ಅಂತಲೂ ಬರೆಸಿ. ಕೊನೆಯ ಕಂತಿನ ಬಿಲ್ ಪಾಸ್ ಮಾಡುವ ಪರಿಶೀಲನೆ ಬೆಳಿಗ್ಗೆ ಹನ್ನೊಂದಕ್ಕೆ ಬೇಡ, ಏಪ್ರಿಲ್ ತಿಂಗಳ ಸಂಜೆ ನಾಲ್ಕೂವರೆಗೆ ಅಂತ ಷರತ್ತು ಹಾಕಿ. ಎಂಜಿನಿಯರ್ ಸಾಹೇಬರು, ಗುತ್ತಿಗೆದಾರರು ಇಬ್ಬರೂ ಆ ಬೆಂಚಿನ ಮೇಲೆ ಕಾಲು ಗಂಟೆ ಕೂತೇ ಸಹಿ ಹಾಕಲಿ.